ಅಂಗಡಿ ಧನಿಗಳು ತೀರಿಕೊಂಡರು: ಅವರ ಲೆಕ್ಕದ ಪುಸ್ತಕಗಳನ್ನು ಏನು ಮಾಡೋಣ?

ಎದುರುಮನೆಯವನು (ಚರ್ಚೆ ಆರಂಭಿಸಿದವರು)

ಕಾಸರಗೋಡು ಜಿಲ್ಲೆಯ ಪೆರ್ಲ ಮತ್ತು ಬದಿಯಡ್ಕಗಳ ನಡುವಿನ ನಮ್ಮ ಸಣ್ಣ ಪೇಟೆಯಲ್ಲಿ 68 ವರ್ಷ ಜೀನಸು ಅಂಗಡಿಯಲ್ಲಿ ಕುಳಿತ ಧನಿಗಳು ಕಳೆದ ಸೋಮವಾರ ಬೆಳಗಿನ ಜಾವ ತೀರಿಕೊಂಡರು. ಅವರಿಗೆ 84 ವರ್ಷ ವಯಸ್ಸಾಗಿತ್ತು. ಆದಿತ್ಯವಾರ ಸಂಜೆ ದೇವರ ಪಟದ ಮುಂದೆ ದೀಪ ಹಚ್ಚಿ, ಅಂಗಡಿಯ ಬಾಗಿಲಿನ ಒಂಬತ್ತು ಹಲಗೆಗಳನ್ನೂ ಎಂದಿನಂತೆ ತಾವೇ ಸಾಲಾಗಿ ನಿಲ್ಲಿಸಿ ಬೀಗ ಹಾಕಿ ಮನೆಗೆ ಹೋದವರು ಮರುದಿನ ಏಳಲಿಲ್ಲ. ಮನೆಯವರ ಅಪೇಕ್ಷೆಯಂತೆ ಇಲ್ಲಿ ಅವರ ಹೆಸರನ್ನು ಬರೆಯುತ್ತಿಲ್ಲ. ಊರಿನವರಿಗೆ ಅದರ ಅಗತ್ಯವೂ ಇಲ್ಲ. ಒಂದು ಸೇರು ಬಿತ್ತುವಷ್ಟು ಗದ್ದೆಯೂ ಇಲ್ಲದ ಅವರನ್ನು ತೋಟದ ಯಜಮಾನರಿಂದ ಹಿಡಿದು ಕೂಲಿಯವರವರೆಗೆ ಎಲ್ಲರೂ ಧನಿಗಳು ಎಂದೇ ಕರೆಯುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಆ ಅಂಗಡಿಯ ಎದುರುಮನೆಯಲ್ಲಿ. ಅವರು ತಂದೆಯ ಅಂಗಡಿಗೆ ಬಂದು ಕುಳಿತದ್ದು 1956ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ. ಆ ವರ್ಷ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅವರ ಮೇಜಿನ ಖಾನೆಯಲ್ಲಿ ಮೂರು ರಬ್ಬರ್ ಮುದ್ರೆಗಳಿದ್ದವು. ತಂದೆಯ ಕಾಲದ ಮುದ್ರೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿತ್ತು. ಮಲಬಾರ್ ಜಿಲ್ಲೆ 1957ರ ಜನವರಿಯಲ್ಲಿ ಒಡೆದು ನಾವು ಕಣ್ಣಾನೂರು ಜಿಲ್ಲೆಯವರಾದ ಮೇಲೆ ಮಾಡಿಸಿದ್ದು ಎರಡನೆಯದು; 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾದ ಮೇಲೆ ಮಾಡಿಸಿದ್ದು ಮೂರನೆಯದು. ಅಂಗಡಿ ಮಾತ್ರ ಇದ್ದಲ್ಲಿಯೇ ಇತ್ತು, ಮೇಜೂ ಅದೇ. ಹಳೆಯ ಎರಡು ಮುದ್ರೆಗಳನ್ನು ಏಕೆ ಎಸೆಯಲಿಲ್ಲವೆಂದು ಕೇಳಿದಾಗ ಅವರು, ಆ ಮುದ್ರೆ ಬಿದ್ದ ಚೀಟಿಗಳನ್ನು ಇಂದಿಗೂ ಯಾರಾದರೂ ತರುತ್ತಾರೆ, ಅವು ನಮ್ಮವೇ ಎಂದು ಒಪ್ಪಿಕೊಳ್ಳುವುದಕ್ಕೆ ಬೇಕು ಎಂದು ಹೇಳಿದ್ದರು.

ಅವರು ಓದಿದ್ದು ಎಂಟನೆಯ ತರಗತಿಯವರೆಗೆ, ಕನ್ನಡದಲ್ಲಿ. ಸರಕಾರದ ಕಾಗದಪತ್ರಗಳು ಮಲಯಾಳದಲ್ಲಿ ಬರತೊಡಗಿದಾಗ ಊರಿನಲ್ಲಿ ಅವನ್ನು ಓದುವವರು ಬೆರಳೆಣಿಕೆಯಷ್ಟಿದ್ದರು. ಸಾಮಾನು ಕಟ್ಟಲು ತೂಕದ ಲೆಕ್ಕದಲ್ಲಿ ತರಿಸುತ್ತಿದ್ದ ಹಳೆಯ ಮಲಯಾಳ ಪತ್ರಿಕೆಗಳನ್ನು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮುಂದಿಟ್ಟುಕೊಂಡು, ಪಕ್ಕದ ದರ್ಜಿಯವರಲ್ಲಿ ಕೇಳಿ ಕೇಳಿ, ಅವರು ಆ ಲಿಪಿಯನ್ನು ಕಲಿತರು. ಆಮೇಲೆ ಮೂವತ್ತು ವರ್ಷ ರೇಶನ್ ಕಾರ್ಡಿನ ಅರ್ಜಿ, ಭೂಕಂದಾಯದ ನೋಟೀಸು, ವಿಧವಾ ಪಿಂಚಣಿಯ ಕಾಗದ ಎಲ್ಲವನ್ನೂ ಜನ ಅವರ ಮೇಜಿನ ಮೇಲೆ ತಂದಿಟ್ಟು, ಇದರಲ್ಲಿ ಏನಿದೆ ಧನಿಗಳೇ ಎಂದು ಕೇಳುತ್ತಿದ್ದರು. ಓದಿ ಹೇಳಿದ್ದಕ್ಕೆ ಅವರು ಒಂದು ಕಾಸು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಈ ಚರ್ಚೆಯನ್ನು ಆರಂಭಿಸಿದ್ದು ಒಂದು ಮುಖ್ಯ ಕಾರಣಕ್ಕೆ. ಅಂಗಡಿಯ ಅಟ್ಟದಲ್ಲಿ ಅವರ ಕೈಬರಹದ 61 ಲೆಕ್ಕದ ಪುಸ್ತಕಗಳಿವೆ. ಅಂಗಡಿ ಬಾಡಿಗೆಯದು, ಕಟ್ಟಡದ ಒಡೆಯರು ಈ ತಿಂಗಳ ಕೊನೆಗೆ ಬಿಟ್ಟುಕೊಡುವಂತೆ ವಿನಯದಿಂದಲೇ ಕೇಳಿದ್ದಾರೆ. ಪುಸ್ತಕಗಳನ್ನು ಏನು ಮಾಡಬೇಕೆಂದು ಧನಿಗಳು ಹೇಳಿ ಹೋಗಲಿಲ್ಲ. ಅವರ ಮಗಳು ಊರಿನವರ ಅಭಿಪ್ರಾಯ ಕೇಳಿ ತಿಳಿಸುವಂತೆ ನನ್ನನ್ನು ಕೇಳಿಕೊಂಡಿದ್ದಾರೆ. ದಯವಿಟ್ಟು ಯೋಚಿಸಿ ಬರೆಯಿರಿ.

ನಿವೃತ್ತ ಅಧ್ಯಾಪಕ, ನೀರ್ಚಾಲು

ಸುದ್ದಿ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಅವರು ನನಗಿಂತ ಎಂಟು ವರ್ಷ ಹಿರಿಯರು.

ಆ ಪುಸ್ತಕಗಳನ್ನು ಯಾವ ಕಾರಣಕ್ಕೂ ನಾಶಮಾಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಮ್ಮ ನೆಲದ ಬಗ್ಗೆ ಬರೆದವರು ರಾಜಕೀಯವನ್ನು ಬರೆದಿದ್ದಾರೆ, ಭಾಷೆಯ ಹೋರಾಟವನ್ನು ಬರೆದಿದ್ದಾರೆ. ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿದ್ದು, ಅದು ಜಾರಿಗೆ ಬಾರದೆ ಉಳಿದದ್ದು, ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಆ ನೋವನ್ನು ಕೊನೆಯವರೆಗೂ ಹೇಳುತ್ತಲೇ ಇದ್ದದ್ದು, ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಆ ವರ್ಷಗಳಲ್ಲಿ ಒಂದು ಸಾಮಾನ್ಯ ಮನೆಯವರು ಏನು ಕೊಂಡರು, ಏನನ್ನು ಕೊಳ್ಳಲಾರದೆ ಹೋದರು ಎಂಬುದು ಎಲ್ಲಿಯೂ ದಾಖಲಾಗಿಲ್ಲ. ಅದು ಇರುವುದು ಇಂತಹ ಪುಸ್ತಕಗಳಲ್ಲಿ ಮಾತ್ರ.

ಒಂದು ಉದಾಹರಣೆ ಕೊಡುತ್ತೇನೆ. ಎರಡು ವರ್ಷದ ಹಿಂದೆ ಅವರು ನನಗೆ ತಮ್ಮ ಮೊದಲನೆಯ ಪುಸ್ತಕವನ್ನು ತೋರಿಸಿದ್ದರು. ಅದರ ಮೊದಲ ಪುಟಗಳಲ್ಲಿ ಬೆಲೆಗಳು ಆಣೆಯಲ್ಲಿವೆ, ಅಕ್ಕಿ ಸೇರು, ಕಳಸೆ, ಮುಡಿಗಳಲ್ಲಿದೆ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೆ ಒಂದೇ ಸಾಲಿನಲ್ಲಿ ಆಣೆಯನ್ನೂ ಪೈಸೆಯನ್ನೂ ಬರೆದಿದ್ದಾರೆ, ಏಕೆಂದರೆ ನಾಲ್ಕಾಣೆಗೆ 25 ಪೈಸೆ ಸರಿಹೊಂದುತ್ತದೆ, ಒಂದಾಣೆಗೆ ಮಾತ್ರ ಆರೂಕಾಲು ಪೈಸೆಯಾಗುತ್ತದೆ. ಆ ಕಾಲು ಪೈಸೆ ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಅವರ ತಂದೆಯವರು ಅಂಚಿನಲ್ಲಿ ಉತ್ತರ ಬರೆದಿದ್ದಾರೆ: ಗಿರಾಕಿಗೆ. 1958ರ ಅಕ್ಟೋಬರ್‌ನಲ್ಲಿ ಕಿಲೋಗ್ರಾಮಿನ ತೂಕಗಳು ಜಾರಿಗೆ ಬರತೊಡಗಿದವು. ಆದರೆ ಆ ಪುಸ್ತಕಗಳಲ್ಲಿ ಇನ್ನೂ ಹಲವು ವರ್ಷ ಕುಚ್ಚಿಲಕ್ಕಿ ಸೇರಿನಲ್ಲಿಯೇ ಇದೆ, ಸಕ್ಕರೆ ಮಾತ್ರ ಕಿಲೋಗೆ ಬಂದಿದೆ. ಅಕ್ಕಿಯ ಅಳತೆ ಬದಲಾದರೆ ತಮಗೆ ಮೋಸವಾದೀತೆಂಬ ಭಯ ಜನರಿಗೆ ಎಷ್ಟು ಇತ್ತೆಂಬುದು ಅದರಿಂದ ತಿಳಿಯುತ್ತದೆ.

ಕಾಸರಗೋಡಿನ ಸರಕಾರಿ ಕಾಲೇಜಿನ ಕನ್ನಡ ವಿಭಾಗದಂತಹ ಕಡೆ ಅವನ್ನು ಒಪ್ಪಿಸಬೇಕು. ಒಂದು ಹಾಳೆಯೂ ಕಳೆದುಹೋಗಬಾರದು.

ಅಡಿಕೆ ಮನೆ, ಎಣ್ಮಕಜೆ

ಮಾಸ್ಟ್ರು ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಮ್ಮಂತಹ ತೋಟದವರಿಗೆ ಧನಿಗಳ ಅಂಗಡಿ ಏನಾಗಿತ್ತೆಂಬುದನ್ನೂ ಸ್ವಲ್ಪ ಹೇಳಬೇಕು.

ಅಡಿಕೆ ಕೃಷಿಯಲ್ಲಿ ಖರ್ಚು ಒಂದು ಕಾಲಕ್ಕೆ, ಹಣ ಇನ್ನೊಂದು ಕಾಲಕ್ಕೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡಲೇಬೇಕು, ನಲುವತ್ತು ನಲುವತ್ತೈದು ದಿನ ಕಳೆದು ಮತ್ತೊಮ್ಮೆ ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಮೈಲುತುತ್ತು ಬೇಕಾಗುವುದು ಮೇ ಕೊನೆಗೆ, ಮನೆಯಲ್ಲಿ ಹಣವೇ ಇಲ್ಲದ ಹೊತ್ತಿಗೆ. ಕೊಯ್ಲು ಆಗಿ, ಅಂಗಳದಲ್ಲಿ ನಲುವತ್ತು ದಿನ ಒಣಗಿ, ಸುಲಿದು, ಚಾಲಿ ಮಾರಾಟವಾಗಿ ಕೈಗೆ ಕಾಸು ಬರುವುದು ಮುಂದಿನ ವರ್ಷ. ಅಷ್ಟು ಕಾಲ ಮೈಲುತುತ್ತಿನ ಬಾಕಿಯನ್ನು ಹೊತ್ತುಕೊಂಡು ನಿಂತವರು ಧನಿಗಳು. ಮದ್ದು ತಪ್ಪಿದರೆ ಒಂದೇ ಮಳೆಗಾಲದಲ್ಲಿ ಫಸಲು ನೆಲಕ್ಕೆ ಉದುರುತ್ತದೆ ಎಂಬುದು ಅವರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು.

1970ರ ಸುಮಾರಿಗೆ ಅಡಿಕೆಯ ಧಾರಣೆ ಕುಸಿದಾಗ ನನ್ನ ಅಜ್ಜ ಎರಡು ವರ್ಷ ಒಂದು ರೂಪಾಯಿಯನ್ನೂ ಕೊಡಲಾರದೆ ಹೋದರು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ ಹುಟ್ಟಿ ಬೆಳೆಗಾರರಿಗೆ ಸ್ವಲ್ಪ ಉಸಿರು ಬಂದ ಮೇಲೆ ಆ ಬಾಕಿ ತೀರಿತು. ಬಡ್ಡಿ ಎಷ್ಟು ಹಾಕಿದ್ದರೆಂದು ಅಜ್ಜನನ್ನು ಕೇಳಿದರೆ, ಬಡ್ಡಿ ಇಲ್ಲ, ಆದರೆ ಬಾಕಿ ತೀರುವವರೆಗೆ ನಮ್ಮ ತೋಟದ ತೆಂಗಿನಕಾಯಿಯನ್ನು ಬೇರೆ ಅಂಗಡಿಗೆ ಕೊಡಬಾರದೆಂದು ಮಾತಾಗಿತ್ತು ಎನ್ನುತ್ತಿದ್ದರು. ಅವರು ದಾನಶೂರರಾಗಿರಲಿಲ್ಲ, ವ್ಯಾಪಾರಿಯಾಗಿದ್ದರು. ಆ ವ್ಯಾಪಾರದಿಂದ ನಮ್ಮ ತೋಟ ಉಳಿಯಿತು. ಆ ಪುಟಗಳು ನಮ್ಮ ಮನೆಯ ಚರಿತ್ರೆ, ಉಳಿಯಬೇಕು.

ಬೀಡಿ ಕಟ್ಟಿದವಳ ಮಗಳು

ಮೇಲಿನ ಇಬ್ಬರೂ ನನಗೆ ಹಿರಿಯರು, ಗೌರವದಿಂದಲೇ ನನ್ನ ವಿರೋಧವನ್ನು ಹೇಳುತ್ತೇನೆ. ತೋಟದ ಮನೆಯವರ ಸಾಲ ಒಂದು ಚರಿತ್ರೆಯಾಗಬಹುದು. ನಮ್ಮಂತಹವರ ಸಾಲ ನಮಗೆ ಇನ್ನೂ ಚರಿತ್ರೆಯಾಗಿಲ್ಲ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಎಲೆ ಮತ್ತು ಹೊಗೆಸೊಪ್ಪು ಬೀಡಿ ಕಂಪೆನಿಯ ಬ್ರಾಂಚಿನಿಂದ ತಂದು, ಕಟ್ಟಿ, ಎಣಿಸಿ ಕೊಟ್ಟರೆ ಶನಿವಾರ ಮಜೂರಿ. ಆ ಮಜೂರಿ ನೇರವಾಗಿ ಧನಿಗಳ ಅಂಗಡಿಗೆ ಹೋಗುತ್ತಿತ್ತು, ಉಳಿದ ಬಾಕಿ ಮುಂದಿನ ಶನಿವಾರಕ್ಕೆ ಹೋಗುತ್ತಿತ್ತು. ಆಟಿ ತಿಂಗಳಿನಲ್ಲಿ ಅಪ್ಪನಿಗೆ ಕೂಲಿ ಇರುತ್ತಿರಲಿಲ್ಲ, ಮಳೆಯ ತಂಪಿಗೆ ಎಲೆಯೂ ಕೆಡುತ್ತಿತ್ತು. ಅಂತಹ ಒಂದು ದಿನ, ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ಅಮ್ಮ ನನ್ನ ಕೈಯಲ್ಲಿ ಬಟ್ಟೆಯ ಚೀಲ ಕೊಟ್ಟು ಎರಡು ಕಿಲೋ ಅಕ್ಕಿಗೆ ಕಳುಹಿಸಿದರು. ಅಂಗಡಿಯಲ್ಲಿ ಮೂವರು ನಿಂತಿದ್ದರು. ಅವರೆಲ್ಲರೂ ಕೇಳುವಂತೆ ಧನಿಗಳು ನಮ್ಮ ಬಾಕಿ ಎಷ್ಟಿದೆಯೆಂದು ಹೇಳಿ, ಅದು ತೀರದೆ ಅಕ್ಕಿ ಕೊಡಲಾಗದು ಎಂದರು. ಮೂವರಲ್ಲಿ ಒಬ್ಬರು ನನ್ನ ತರಗತಿಯ ಹುಡುಗಿಯ ಅಪ್ಪ. ಬರಿದಾದ ಚೀಲವನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡು ಬಂದದ್ದು ನನಗೆ ಇಂದಿಗೂ ನೆನಪಿದೆ. ಮರುದಿನದಿಂದ ನಾನು ಆ ಹುಡುಗಿಯ ಪಕ್ಕದಲ್ಲಿ ಕುಳಿತುಕೊಳ್ಳಲಿಲ್ಲ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ವರ್ಷದ ನಂತರ ಧನಿಗಳು ಯಾರ ಬಾಕಿಯನ್ನೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಸಣ್ಣ ಚೀಟಿಯಲ್ಲಿ ಅಂಕೆಯನ್ನು ಬರೆದು, ನಾಲ್ಕು ಮಡಿಕೆ ಮಡಚಿ, ಸಾಮಾನಿನ ಕಟ್ಟದೊಳಗೆ ಇಟ್ಟು ಕೊಡುತ್ತಿದ್ದರು. ಆ ದಿನವೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ಇಷ್ಟು ಎಚ್ಚರದಿಂದ ಅವರು ನಲುವತ್ತು ವರ್ಷ ಮುಚ್ಚಿಟ್ಟದ್ದನ್ನು, ಅವರು ಹೋದ ತಿಂಗಳಲ್ಲಿಯೇ ಒಂದು ಕಾಲೇಜಿನ ಮೇಜಿನ ಮೇಲೆ ಬಿಚ್ಚಿಡುವುದು ಯಾವ ನ್ಯಾಯ?

ಎಣ್ಮಕಜೆಯ ಅಣ್ಣನಿಗೂ ಒಂದು ಮಾತು. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಯಾವ ಮನೆಯಲ್ಲಿ ಹಾಸಿಗೆ ಬಿಟ್ಟೇಳದ ಮಗುವಿತ್ತು, ಆ ಮಗುವಿಗೆ ಯಾವ ಹಿಟ್ಟು, ಎಷ್ಟು ಡಬ್ಬಿ ಹೋಗುತ್ತಿತ್ತು, ಯಾವ ತಿಂಗಳಿನಿಂದ ಅದು ನಿಂತುಹೋಯಿತು, ಇವೆಲ್ಲ ಆ ಪುಸ್ತಕಗಳಲ್ಲಿ ಇರಲೇಬೇಕು. ಆ ತಾಯಂದಿರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರನ್ನು ಕೇಳದೆ ನಿರ್ಧಾರ ಮಾಡಬೇಡಿ.

ಅಡಿಕೆ ಮನೆ, ಎಣ್ಮಕಜೆ

ತಂಗೀ, ನೀನು ಹೇಳಿದ ಕೊನೆಯ ಮಾತು ನನಗೆ ಹೊಳೆದೇ ಇರಲಿಲ್ಲ. ನಮ್ಮ ನೆರೆಯಲ್ಲಿಯೇ ಅಂತಹ ಮನೆ ಇದೆ. ನಾನು ಬರೆದದ್ದು ನಮ್ಮ ಮನೆಯ ಪುಟಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ತಿದ್ದಿಕೊಳ್ಳುತ್ತೇನೆ.

ಶಾರ್ಜಾದಲ್ಲಿರುವ ಪೇಟೆಯ ಹುಡುಗ

ನಮ್ಮ ಉಪ್ಪ (ಅಪ್ಪ) ಧನಿಗಳ ಅಂಗಡಿಯ ಪಕ್ಕದ ದರ್ಜಿ. ಮಲಯಾಳ ಅಕ್ಷರ ಹೇಳಿಕೊಟ್ಟವರು ಅವರೇ ಎಂಬುದನ್ನು ಇಲ್ಲಿ ಓದಿ ಕಣ್ಣು ತುಂಬಿತು, ಏಕೆಂದರೆ ಉಪ್ಪ ಅದನ್ನು ಒಮ್ಮೆಯೂ ಮನೆಯಲ್ಲಿ ಹೇಳಿರಲಿಲ್ಲ. ಅದಕ್ಕೆ ಬದಲಾಗಿ ಧನಿಗಳು ನಮ್ಮ ಉಪ್ಪನಿಗೆ ಕನ್ನಡ ಪತ್ರಿಕೆ ಓದಲು ಕಲಿಸಿದ್ದರು.

ನಾನು ಕೊಲ್ಲಿಗೆ ಹೊರಟಾಗ ಊರಿನಲ್ಲಿ ಫೋನ್ ಇದ್ದದ್ದು ಅವರ ಅಂಗಡಿಯಲ್ಲಿ. ಶುಕ್ರವಾರ ಜುಮಾ ಮುಗಿದ ಮೇಲೆ ನಾವು ಇಲ್ಲಿಂದ ಕರೆ ಮಾಡುತ್ತಿದ್ದೆವು. ಧನಿಗಳು ಮೊದಲೇ ಮನೆಗೆ ಹುಡುಗನನ್ನು ಕಳುಹಿಸಿ ಉಮ್ಮನನ್ನು ಕರೆಸಿ, ಬೆಂಚಿನಲ್ಲಿ ಕೂರಿಸಿರುತ್ತಿದ್ದರು. ಉಮ್ಮ ಮಾತಾಡುವಾಗ ತಾವು ಅಂಗಡಿಯಿಂದ ಇಳಿದು ಹೊರಗೆ ರಸ್ತೆಯ ಬದಿಯಲ್ಲಿ ನಿಲ್ಲುತ್ತಿದ್ದರಂತೆ, ಗಿರಾಕಿಗಳು ಬಂದರೂ ಅಷ್ಟು ಹೊತ್ತು ಒಳಗೆ ಬಿಡುತ್ತಿರಲಿಲ್ಲವಂತೆ. ಪುಸ್ತಕಗಳ ವಿಷಯದಲ್ಲಿ ಅಕ್ಕ ಹೇಳಿದ್ದೇ ಸರಿ ಎಂದು ನನಗೆ ಅನಿಸುತ್ತದೆ.

ಬಾಯಾರಿನ ವ್ಯಾಪಾರಿ

ನಾನೂ ಒಂದು ಜೀನಸು ಅಂಗಡಿ ಇಟ್ಟುಕೊಂಡಿದ್ದೇನೆ. ಆರಂಭದಲ್ಲಿ ಆರು ತಿಂಗಳು ಧನಿಗಳ ಬಳಿ ಕೆಲಸಕ್ಕಿದ್ದೆ. ಅವರು ಹೇಗೆ ನಿಭಾಯಿಸುತ್ತಿದ್ದರೆಂಬುದನ್ನು ಒಬ್ಬ ವ್ಯಾಪಾರಿಯ ಕಣ್ಣಿನಿಂದ ಹೇಳಬೇಕೆನಿಸಿತು, ಏಕೆಂದರೆ ಕಡ ಕೊಡುವವನ ಹಿಂದೆಯೂ ಒಬ್ಬ ಕಡ ಕೊಟ್ಟವನು ಇರುತ್ತಾನೆ.

ಸಾಮಾನು ಬರುತ್ತಿದ್ದದ್ದು ಮಂಗಳೂರಿನ ಬಂದರಿನಿಂದ. ಅಲ್ಲಿನ ಸಗಟು ವ್ಯಾಪಾರಿಗಳು ಹೆಚ್ಚೆಂದರೆ ಒಂದು ತಿಂಗಳ ಗಡುವು ಕೊಡುತ್ತಿದ್ದರು. ಇಲ್ಲಿ ಬೀಡಿಯ ಮನೆಗಳು ವಾರಕ್ಕೊಮ್ಮೆ, ಅಧ್ಯಾಪಕರು ತಿಂಗಳಿಗೊಮ್ಮೆ, ಕೊಲ್ಲಿಯ ಮನೆಗಳು ಡ್ರಾಫ್ಟು ಬಂದಾಗ, ತೋಟದ ಮನೆಗಳು ವರ್ಷಕ್ಕೊಮ್ಮೆ ಕೊಡುತ್ತಿದ್ದವು. ತಿಂಗಳಿಗೂ ವರ್ಷಕ್ಕೂ ನಡುವಿನ ಕಂದಕವನ್ನು ಅವರು ರೊಕ್ಕದ ವ್ಯಾಪಾರದಿಂದ ಮತ್ತು ಕುರಿಯ (ಚೀಟಿ ಫಂಡಿನ) ಹಣದಿಂದ ತುಂಬುತ್ತಿದ್ದರು. ಒಂದು ಮಳೆಗಾಲದಲ್ಲಿ ಹೆಂಡತಿಯ ಕರಿಮಣಿಯನ್ನು ಬಿಟ್ಟು ಉಳಿದ ಚಿನ್ನವೆಲ್ಲ ಅಡವಿನಲ್ಲಿತ್ತು. ನಾಲ್ಕನೆಯ ತರಗತಿಯ ಆ ಮಗುವಿಗೆ ಅಕ್ಕಿ ಇಲ್ಲವೆಂದದ್ದು ತಪ್ಪು, ಅದರಲ್ಲಿಯೂ ನಾಲ್ಕು ಜನರ ಎದುರಿನಲ್ಲಿ ಹೇಳಿದ್ದು ದೊಡ್ಡ ತಪ್ಪು. ಅದನ್ನು ಸಮರ್ಥಿಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಆಟಿ ತಿಂಗಳಿನಲ್ಲಿ ಅಕ್ಕಿಯ ಮೂಟೆಯನ್ನು ಎದುರಿಗಿಟ್ಟುಕೊಂಡು ಯಾರಿಗೆ ಕೊಡಲಿ, ಯಾರಿಗೆ ಬೇಡ ಎಂದು ಒಬ್ಬನೇ ನಿರ್ಧರಿಸಬೇಕಾದವನ ಸ್ಥಿತಿ ನನಗೆ ಗೊತ್ತು.

ಹಿಂದೆ ಅಕ್ಕಿಯ ಅಭಾವವಿದ್ದ 1960ರ ದಶಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಅಕ್ಕಿ ಸಾಗಿಸಲು ನಿರ್ಬಂಧವಿತ್ತು. ಗಡಿ ನಮಗೆ ಕೆಲವೇ ಮೈಲಿ. ವಿಟ್ಲದ ಕಡೆಯಿಂದ ರಾತ್ರಿ ತಲೆಹೊರೆಯಲ್ಲಿ ಅಕ್ಕಿ ಬರುತ್ತಿದ್ದ ಕಾಲ ಅದು. ಹಾಗೆ ಬಂದ ಅಕ್ಕಿಯನ್ನು ಇಮ್ಮಡಿ ಬೆಲೆಗೆ ಮಾರಿದವರಿದ್ದರು. ಧನಿಗಳ ತಂದೆ ಅದನ್ನು ಅಂಗಡಿಯೊಳಗೆ ಇಡಲು ಬಿಡಲಿಲ್ಲವೆಂದು ಅವರು ನನಗೆ ಹೇಳಿದ್ದರು. ಇಡಬೇಕಾಗಿತ್ತೋ ಏನೋ, ಜನ ಹಸಿದಿದ್ದರು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು. ಇದನ್ನು ಅವರು ಜೀವನವಿಡೀ ಯೋಚಿಸಿದ್ದರೆಂದು ಆಗ ನನಗೆ ಗೊತ್ತಾಯಿತು.

ಕೊನೆಯ ವರ್ಷಗಳ ಎರಡು ಸಂದರ್ಭಗಳನ್ನು ಹೇಳಿ ಮುಗಿಸುತ್ತೇನೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ನಮ್ಮೆಲ್ಲರ ಅಂಗಡಿಗಳು ಬಣಗುಟ್ಟಿದವು. ಅವರ ಅಂಗಡಿಯಲ್ಲಿ ಮಾತ್ರ ವ್ಯಾಪಾರ ನಿಲ್ಲಲಿಲ್ಲ, ಏಕೆಂದರೆ ಆ ದಿನಗಳಲ್ಲಿ ಪೇಟೆಯಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಅವರ ಪುಸ್ತಕವೊಂದೇ. ಇನ್ನೊಂದು, 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ. ಮದ್ದಿಗೂ ವೈದ್ಯರಿಗೂ ನಾವು ನಂಬಿದ್ದದ್ದು ಮಂಗಳೂರನ್ನು. ಅಲ್ಲಿಗೆ ತಲುಪಲಾರದೆ ತಲಪಾಡಿಯಿಂದ ಹಿಂತಿರುಗಿ ಪ್ರಾಣ ಬಿಟ್ಟವರಿದ್ದಾರೆ. ಆಗ 80 ವರ್ಷದ ಧನಿಗಳು ಯಾವ ಮನೆಯಲ್ಲಿ ಯಾರಿಗೆ ಯಾವ ಗುಳಿಗೆ ಮುಗಿಯುತ್ತದೆ ಎಂದು ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿ ಮಾಡಿ, ಕಾಸರಗೋಡಿಗೆ ಹೋಗಿಬರುವ ಸ್ವಯಂಸೇವಕ ಹುಡುಗರ ಕೈಗೆ ಕೊಡುತ್ತಿದ್ದರು. ಆ ಪಟ್ಟಿಯಲ್ಲಿ ನನ್ನ ತಾಯಿಯ ರಕ್ತದೊತ್ತಡದ ಗುಳಿಗೆಯೂ ಇತ್ತು. ಬಾಯಾರಿನಲ್ಲಿರುವ ನನ್ನ ತಾಯಿಯ ಗುಳಿಗೆಯ ನೆನಪು ಅವರಿಗೆ ಹೇಗಿತ್ತೆಂದು ನಾನು ಕೇಳಲೇ ಇಲ್ಲ.

ವಕೀಲ, ಕಾಸರಗೋಡು

ಕಾನೂನಿನ ಕೆಲವು ಅಂಶಗಳು ಮಗಳಿಗೆ ಉಪಯೋಗವಾಗಬಹುದು. ಮಾರಿದ ಸಾಮಾನಿನ ಬೆಲೆಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ. ಸಾಲಗಾರರು ಆ ಅವಧಿಯೊಳಗೆ ಲಿಖಿತವಾಗಿ ಸಾಲವನ್ನು ಒಪ್ಪಿಕೊಂಡಿದ್ದರೆ ಅಲ್ಲಿಂದ ಹೊಸದಾಗಿ ಲೆಕ್ಕ ಆರಂಭವಾಗುತ್ತದೆ. ಹಾಗಾಗಿ 61 ಪುಸ್ತಕಗಳಲ್ಲಿ ಕೊನೆಯ ಒಂದೆರಡನ್ನು ಬಿಟ್ಟು ಉಳಿದವಕ್ಕೆ ವಸೂಲಿಯ ದೃಷ್ಟಿಯಿಂದ ಬೆಲೆಯಿಲ್ಲ. ಕೊನೆಯವನ್ನು ಇಟ್ಟುಕೊಂಡು ನ್ಯಾಯಾಲಯಕ್ಕೆ ಹೋಗಬೇಕಾದರೂ ವಾರಸುದಾರರು ಮೊದಲು ಉತ್ತರಾಧಿಕಾರ ಪ್ರಮಾಣಪತ್ರವನ್ನು ಪಡೆಯಬೇಕು. ಮೇಲಾಗಿ, ಲೆಕ್ಕದ ಪುಸ್ತಕದ ಬರಹವೊಂದರಿಂದಲೇ ಯಾರ ಮೇಲೂ ಹೊಣೆಯನ್ನು ಹೊರಿಸಲಾಗದು, ಬೇರೆ ಸಾಕ್ಷ್ಯವೂ ಬೇಕಾಗುತ್ತದೆ. ಸಾಲಗಾರರಿಗೂ ಒಂದು ಮಾತು: ಅವಧಿ ಮೀರಿದ ಸಾಲವನ್ನು ಸ್ವಇಚ್ಛೆಯಿಂದ ತೀರಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಪುಸ್ತಕಗಳು ವಾರಸುದಾರರ ಸೊತ್ತು. ಊರಿನವರು ಸಲಹೆ ಕೊಡಬಹುದು, ತೀರ್ಮಾನ ಮಗಳದ್ದೇ.

ನಿವೃತ್ತ ಅಧ್ಯಾಪಕ, ನೀರ್ಚಾಲು

ಬೀಡಿ ಕಟ್ಟಿದ ತಾಯಿಯ ಮಗಳು ಬರೆದದ್ದನ್ನು ಮೂರು ಸಲ ಓದಿದೆ. ಒಂದು ಹಾಳೆಯೂ ಕಳೆಯಬಾರದೆಂದು ನಾನು ಬರೆದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಸಂಶೋಧಕ ಮಾತ್ರ. ಆ ಹಾಳೆಯಲ್ಲಿ ಹೆಸರಿರುವವರನ್ನು ನಾನು ನೆನೆಯಲಿಲ್ಲ.

ಆದರೂ ಎಲ್ಲವನ್ನೂ ಸುಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ವ್ಯಾಪಾರಿಗಳ ಲೆಕ್ಕದಲ್ಲಿ ಎರಡು ಬಗೆಯಿದೆ. ದಿನವಹಿಯಲ್ಲಿ ಆಯಾ ದಿನದ ವ್ಯಾಪಾರವನ್ನು, ಬೆಲೆಯನ್ನು, ತೂಕವನ್ನು ಸಾಲಾಗಿ ಬರೆಯುತ್ತಾರೆ. ಖಾತೆ ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೊಂದು ಪುಟವಿರುತ್ತದೆ. ಅಕ್ಕಿಯ ಬೆಲೆ, ಸೇರಿನಿಂದ ಕಿಲೋಗೆ ಬಂದ ದಾರಿ, ತುಳುವಿನಿಂದಲೂ ಮಲಯಾಳದಿಂದಲೂ ಮರಾಠಿಯಿಂದಲೂ ಅವರ ಕನ್ನಡದೊಳಗೆ ಬಂದು ಕುಳಿತ ಸಾಮಾನುಗಳ ಹೆಸರು, ಇವೆಲ್ಲ ದಿನವಹಿಯಲ್ಲಿಯೇ ಸಿಗುತ್ತವೆ. ಗುಟ್ಟು ಇರುವುದು ಖಾತೆಯಲ್ಲಿ. ದಿನವಹಿಯನ್ನು ಉಳಿಸಿ, ಖಾತೆಯನ್ನು ಆಯಾ ಮನೆಯವರ ಇಷ್ಟಕ್ಕೆ ಬಿಡಬಹುದಲ್ಲವೇ? ದಿನವಹಿಯಲ್ಲಿಯೂ ಮನೆಯ ಹೆಸರು ಎಡ ಅಂಚಿನಲ್ಲಿದ್ದರೆ, ಚಿತ್ರ ತೆಗೆಯುವಾಗ ಅಂಚಿನ ಮೇಲೆ ಒಂದು ದಪ್ಪ ಕಾಗದದ ಪಟ್ಟಿಯನ್ನು ಇಟ್ಟರಾಯಿತು.

ಬೀಡಿ ಕಟ್ಟಿದವಳ ಮಗಳು

ಮಾಸ್ಟ್ರೇ, ಇದಕ್ಕೆ ನನ್ನ ಒಪ್ಪಿಗೆ ಇದೆ. ಚಿತ್ರ ತೆಗೆಯುವ ಕೆಲಸಕ್ಕೆ ನಾನೂ ಬರುತ್ತೇನೆ, ಪಟ್ಟಿ ಇಡುವ ಕೆಲಸವನ್ನು ನನಗೇ ಕೊಡಿ.

ಅಂಗಡಿಯ ಮಗಳು

ನಿಮ್ಮೆಲ್ಲರ ಬರಹವನ್ನು ಎದುರುಮನೆಯ ಅಣ್ಣ ನನಗೆ ಕಳುಹಿಸಿದರು. ಅಪ್ಪನ ಉತ್ತರಕ್ರಿಯೆ ಮುಗಿಯುವವರೆಗೆ ಉತ್ತರಿಸಲಾಗಲಿಲ್ಲ, ಕ್ಷಮಿಸಬೇಕು.

ಮೊದಲು ಅಕ್ಕನಿಗೆ. ನಾನು ಅಂಗಡಿಯಲ್ಲಿ ಕೂರತೊಡಗಿದಾಗ ಚೀಟಿಯ ಪದ್ಧತಿ ಆಗಲೇ ಇತ್ತು. ಬಾಯಲ್ಲಿ ಹೇಳಿದರೆ ಬೇಗ ಆಗುತ್ತದಲ್ಲ ಎಂದು ಕೇಳಿದ್ದಕ್ಕೆ ಅಪ್ಪ, ಅಂಕೆಗೆ ಬಾಯಿ ಇರಬಾರದು ಎಂದಿದ್ದರು. ಯಾರ ಕಾರಣಕ್ಕೆ ಎಂದು ಹೇಳಲಿಲ್ಲ. ನಿಮ್ಮಲ್ಲಿ ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಅಟ್ಟದಿಂದ ಪುಸ್ತಕಗಳನ್ನು ಇಳಿಸಿ ನೋಡಿದೆವು. 38 ದಿನವಹಿ, 23 ಖಾತೆ. ಐದನ್ನು ಗೆದ್ದಲು ಪೂರ್ತಿ ತಿಂದಿದೆ. ಖಾತೆಗಳಲ್ಲಿ ಅಪ್ಪ ಹೆಚ್ಚಿನ ಕಡೆ ಜನರ ಹೆಸರನ್ನೇ ಬರೆದಿಲ್ಲ. ಹಲಸಿನ ಬುಡ, ಮೇಲಿನ ಬಾಕಿಮಾರು, ಕೆರೆಬದಿ, ಎರಡು ಮೆಟ್ಟಿಲು ಎಂದೇ ಇದೆ. ಹಲಸಿನ ಮರ ಬಿದ್ದು ಮೂವತ್ತು ವರ್ಷವಾಗಿದೆ. ಅದು ಯಾರ ಮನೆಯೆಂದು ನನಗೆ ಗೊತ್ತು, ಇನ್ನು ನಾಲ್ಕೈದು ಹಿರಿಯರಿಗೆ ಗೊತ್ತು. ಆದ್ದರಿಂದ ಇದನ್ನು ಮುಂದೂಡುವಂತಿಲ್ಲ.

ಅಪ್ಪ ಎಲ್ಲರ ಸಾಲವನ್ನು ಮನ್ನಿಸಿದರೆಂದು ಶ್ರದ್ಧಾಂಜಲಿಯ ದಿನ ಒಬ್ಬರು ಹೇಳಿದರು. ಪ್ರೀತಿಯಿಂದ ಹೇಳಿದ್ದಾರೆ, ಆದರೆ ಅದು ನಿಜವಲ್ಲ. ಅಪ್ಪ ವಸೂಲಿ ಮಾಡುತ್ತಿದ್ದರು, ಕೊಡಬಲ್ಲವರು ಕೊಡದಿದ್ದರೆ ಮನೆಯ ಅಂಗಳದವರೆಗೂ ಹೋಗುತ್ತಿದ್ದರು. ಕೆಲವು ಪುಟಗಳಿಗೆ ಮಾತ್ರ, ಹಣ ಬಂದ ಗುರುತು ಇಲ್ಲದೆ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಿದ್ದಾರೆ. ಅಂತಹ ಪುಟಗಳು ನಾನು ಎಣಿಸಿದಷ್ಟರಲ್ಲಿ 114. ಪ್ರತಿ ಗೆರೆಯ ಕೆಳಗೂ ತಾರೀಕು ಇದೆ. ತಾರೀಕುಗಳನ್ನು ನೋಡಿದರೆ ಹೆಚ್ಚಿನವು ಆ ಮನೆಯಲ್ಲಿ ಸಾವಾದ ವಾರದವು.

ನನ್ನ ತೀರ್ಮಾನ ಹೀಗಿದೆ. ದಿನವಹಿಗಳ ಚಿತ್ರವನ್ನು, ಮಾಸ್ಟ್ರು ಹೇಳಿದ ಹಾಗೆ ಅಂಚನ್ನು ಮುಚ್ಚಿ, ನಮ್ಮ ಮನೆಯಲ್ಲಿಯೇ ತೆಗೆಯೋಣ. ಅಕ್ಕ ಪಟ್ಟಿ ಇಡಲಿ. ಮೂಲ ಪುಸ್ತಕಗಳು ಸದ್ಯಕ್ಕೆ ನನ್ನ ಬಳಿ ಇರುತ್ತವೆ. ಖಾತೆಯ ಪುಟಗಳನ್ನು ಜಾಗ್ರತೆಯಾಗಿ ಬಿಡಿಸಿ, ಆಯಾ ಮನೆಯವರಿಗೆ ನಾಲ್ಕು ಮಡಿಕೆ ಮಡಚಿ ಕೊಡುತ್ತೇನೆ. ಸುಡುವುದೋ, ಇಟ್ಟುಕೊಳ್ಳುವುದೋ, ಕಾಲೇಜಿಗೆ ಕೊಡುವುದೋ ಅವರಿಗೆ ಬಿಟ್ಟದ್ದು. ವಾರಸುದಾರರೇ ಇಲ್ಲದ ಮನೆಗಳ ಪುಟಗಳನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ. ಕೊನೆಯ ಮೂರು ವರ್ಷದ ಬಾಕಿಯನ್ನು ನಾನು ಕೇಳುವುದಿಲ್ಲ. ಕೊಡುವವರು ಕೊಟ್ಟರೆ ಬೇಡವೆಂದು ಹೇಳುವುದಿಲ್ಲ, ಏಕೆಂದರೆ ಬಂದರಿನ ಸಗಟು ಅಂಗಡಿಗೆ ಅಪ್ಪನ ಬಾಕಿ ಇನ್ನೂ ಇದೆ.

ಬರುವ ಆದಿತ್ಯವಾರ ಬೆಳಗ್ಗೆ 9ರಿಂದ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ. ನಾನು ಬರುವುದು ಸ್ವಲ್ಪ ತಡವಾದರೆ ಎದುರುಮನೆಯ ಅಣ್ಣನ ಬಳಿ ಬೀಗದ ಕೈ ಇದೆ. ಹಲಗೆಗಳನ್ನು ಒಂದರಿಂದ ಒಂಬತ್ತರವರೆಗೆ ಸಂಖ್ಯೆ ನೋಡಿ ತೆಗೆಯಬೇಕು. ಏಳನೆಯದು ಮಳೆಗೆ ಉಬ್ಬಿದೆ, ಅದನ್ನು ಸ್ವಲ್ಪ ಎತ್ತಿ ತನ್ನ ಕಡೆಗೆ ಎಳೆದುಕೊಂಡರೆ ಮಾತ್ರ ಬರುತ್ತದೆ.